ಕೆಲಸದ ಮೇಲೆ ಕೊಲೋನ್‌ಗೆ ಹೊರಟಿದ್ದೀರಾ? ಸಂಜೆಗಳನ್ನು ಉಳಿಸಿಕೊಳ್ಳಿ

ಜರ್ಮನಿಯ ಕೊಲೋನ್ ನಗರದಲ್ಲಿ ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷದ ಅಕ್ಟೋಬರಿನಲ್ಲಿ, ‘ಅನೂಗ’ ಅನ್ನುವ ದೊಡ್ಡ ಆಹಾರ ಮೇಳ ನಡೆಯುತ್ತದೆ. ಐದು ದಿನ, ಬೆಳಗ್ಗೆ 10ರಿಂದ ಸಂಜೆ 6ರವರೆಗೆ. ತುಮಕೂರು, ತಿಪಟೂರು ಕಡೆಯಿಂದ ತೆಂಗಿನಪುಡಿ, ಮಿಡಿಸೌತೆ ವ್ಯವಹಾರದವರಿಗೆ ಈ ಹೆಸರು ಹೊಸದಲ್ಲ. ನಾನು ತೆಂಗಿನಪುಡಿ ರಫ್ತು ಮಾಡುವ ಒಂದು ಘಟಕದಲ್ಲಿ ಕೆಲಸ ಮಾಡುತ್ತೇನೆ. ಈ ಮೇಳಕ್ಕೆ ಎರಡು ಸಲ ಹೋಗಿ ಬಂದಿದ್ದೇನೆ.

ಮೊದಲ ಸಲ ಊರನ್ನು ನೋಡಲೇ ಇಲ್ಲ. ರೂಮು ಮಾಡಿಕೊಟ್ಟ ಏಜೆಂಟರು ‘ಕೊಲೋನ್ ಹತ್ತಿರವೇ’ ಅಂದಿದ್ದರು. ಹೋಗಿ ನೋಡಿದರೆ ಒಂದು ಟ್ರೈನು, ಒಂದು ಬಸ್ಸು, ಆಮೇಲೆ ಕಾಲುಗಂಟೆ ನಡಿಗೆ. ಸಂಜೆ ಆರಕ್ಕೆ ಮಳಿಗೆ ಮುಚ್ಚಿ ರೂಮು ಸೇರುವಷ್ಟರಲ್ಲಿ ಎಂಟು ದಾಟುತ್ತಿತ್ತು. ಪ್ರಪಂಚವೆಲ್ಲ ನೋಡಲು ಬರುವ ಆ ಚರ್ಚನ್ನು ನಾನು ಟ್ರೈನಿನ ಕಿಟಕಿಯಿಂದ ನೋಡಿದ್ದಷ್ಟೆ. ಮನೆಗೆ ಬಂದಾಗ ಅಮ್ಮ, ‘ಅಷ್ಟು ದೂರ ಹೋಗಿ ಏನೇನ್ ನೋಡ್ಕಂಡ್ ಬಂದ್ಯಮ್ಮ?’ ಅಂತ ಕೇಳಿದರು. ಹೇಳೋದಕ್ಕೆ ಏನೂ ಇರಲಿಲ್ಲ. ಆ ಬೇಸರ ಬಹಳ ದಿನ ಉಳಿಯಿತು.

ಎರಡನೇ ಸಲ ಅಷ್ಟೇ ದಿನ, ಅಷ್ಟೇ ಕೆಲಸ. ಆದರೆ ಊರು ಕಂಡಿತು. ಬದಲಾಗಿದ್ದು ಒಂದೇ. ಮಲಗುವ ಜಾಗದಿಂದ ಮೇಳಕ್ಕೆ ನಡೆದೇ ಹೋಗುವ ಹಾಗೆ ರೂಮು ಹಿಡಿದೆ. ಆ ನಡೆಯುವ ದಾರಿಯಲ್ಲೇ ನೋಡುವಂಥದ್ದೆಲ್ಲ ಇತ್ತು. ಕೆಲಸದ ಮೇಲೆ ಯಾವ ಊರಿಗೆ ಹೋದರೂ ಇದೇ ಲೆಕ್ಕ ಅಂತ ನನ್ನ ಅನಿಸಿಕೆ. ಇಲ್ಲಿ ನನಗೆ ಗೊತ್ತಿರುವ ಕೊಲೋನ್ ಬಗ್ಗೆಯೇ ಹೇಳುತ್ತೇನೆ.

ವೀಸಾಗೆ ಮೊದಲು ಮಾಲೀಕರ ಹತ್ತಿರ ಮಾತಾಡಿ

ಎಲ್ಲಕ್ಕಿಂತ ಮೊದಲು ಒಂದು ದಿನ ಹೆಚ್ಚಿಗೆ ಕೇಳಿಕೊಳ್ಳಿ. ಇದನ್ನು ವೀಸಾ ಅರ್ಜಿ ಹಾಕುವ ಮುಂಚೆಯೇ ಮಾಡಬೇಕು. ನಾನು ಕೇಳಿದ್ದು ಇಷ್ಟೇ: ‘ಸರ್, ಮೇಳ ಮುಗಿದ ಮೇಲೆ ಒಂದು ದಿನ ಇದ್ದು ಬರ್ಲಾ? ಆ ದಿನದ ರೂಮಿನ ಬಾಡಿಗೆ ನಾನೇ ಕಟ್ಕೊತೀನಿ.’ ಅವರು, ‘ಟಿಕೆಟ್ ರೇಟು ಅಷ್ಟೇ ಇದ್ರೆ ಇರಮ್ಮ, ಅದರಲ್ಲೇನಿದೆ’ ಅಂದರು. ಕೇಳದೆ ಇದ್ದಿದ್ದರೆ ಸಿಗುತ್ತಿರಲಿಲ್ಲ.

ಬೇಕಾಗುವುದು ಷೆಂಗೆನ್ ವೀಸಾ, ಅಂದರೆ ಜರ್ಮನಿ ಸೇರಿ ಯೂರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ. ಬಿಸಿನೆಸ್ ಎಂದು ಅರ್ಜಿ ಹಾಕಿದರೂ ಬಿಡುವಿನ ಹೊತ್ತಿನಲ್ಲಿ ಊರು ನೋಡುವುದಕ್ಕೆ ಅಡ್ಡಿಯಿಲ್ಲ. ದೊಡ್ಡವರಿಗೆ ಶುಲ್ಕ 90 ಯೂರೋ, ಸೇವಾ ಕೇಂದ್ರದ ಖರ್ಚು ಬೇರೆ. ಕಡಿಮೆಯೆಂದರೆ 30,000 ಯೂರೋ ಮೊತ್ತದ ಟ್ರಾವೆಲ್ ಇನ್ಶೂರೆನ್ಸ್ ಇರಲೇಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. 15 ದಿನಕ್ಕಿಂತ ಕಡಿಮೆ ಉಳಿದಿರುವಾಗ ಹಾಕುವಂತಿಲ್ಲ. ಮೇಳದ ಮುಂಚೆ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಜುಲೈನಲ್ಲೇ ಮುಗಿಸಿಕೊಳ್ಳಿ. ವಿಮಾನದ ಟಿಕೆಟ್, ಇನ್ಶೂರೆನ್ಸ್, ರೂಮಿನ ಬುಕಿಂಗ್, ಎಲ್ಲದರಲ್ಲೂ ಆ ಹೆಚ್ಚಿನ ದಿನ ಸೇರಿರಬೇಕು. ಇನ್ಶೂರೆನ್ಸ್ ಒಂದು ದಿನ ಮೊದಲೇ ಮುಗಿದರೆ ವೀಸಾದ ದಿನವೂ ಕಡಿಮೆಯಾಗಬಹುದು.

ರೂಮು

ಊರಿನ ನಡುವೆ ರೈನ್ ನದಿ ಹರಿಯುತ್ತದೆ. ಪಶ್ಚಿಮದ ದಡದಲ್ಲಿ ಹಳೇ ಊರು, ದೊಡ್ಡ ಚರ್ಚು, ಮುಖ್ಯ ರೈಲು ನಿಲ್ದಾಣ. ಪೂರ್ವದ ದಡದ ಹೆಸರು ಡಾಯ್ಟ್ಸ್. ಮೇಳದ ಮೈದಾನ ಇರುವುದು ಅಲ್ಲಿ. ನಡುವೆ ಒಂದು ರೈಲು ಸೇತುವೆ, ಅದರ ಪಕ್ಕದಲ್ಲೇ ನಡೆಯುವ ದಾರಿ. ರೂಮು ಈ ಸೇತುವೆಯ ಯಾವುದೇ ತುದಿಯಲ್ಲಿದ್ದರೂ ಸರಿ. ನಾನು ಹಿಡಿದದ್ದು ಚರ್ಚಿನ ಕಡೆ. ಸ್ನಾನಕ್ಕೆ, ಮಲಗುವುದಕ್ಕೆ ಮಾತ್ರ ಸಾಕಾಗುವಷ್ಟು ಚಿಕ್ಕ ರೂಮು.

ಮೇಳದ ವಾರದಲ್ಲಿ ಬಾಡಿಗೆ ವಿಪರೀತ ಏರುತ್ತದೆ. ಹಾಗಾಗಿ ಉಚಿತವಾಗಿ ರದ್ದು ಮಾಡಬಹುದಾದ ಬುಕಿಂಗ್ ಅನ್ನು ಆರೇಳು ತಿಂಗಳು ಮೊದಲೇ ಹಾಕಿಡಿ. ಅಷ್ಟು ದುಡ್ಡು ಆಗುವುದಿಲ್ಲ ಅಂದರೆ ಡುಸೆಲ್‌ಡಾರ್ಫ್ ಅಥವಾ ಬಾನ್‌ನಲ್ಲಿ, ರೈಲು ನಿಲ್ದಾಣದ ಎದುರಿಗೇ ನೋಡಿ. ಎರಡೂ ಊರಿಂದ ಸುಮಾರು ಅರ್ಧ ಗಂಟೆಯ ದಾರಿ. ಏಜೆಂಟರಿಗೆ ಎಷ್ಟು ಕಿಲೋಮೀಟರ್ ಅಂತ ಕೇಳಬೇಡಿ. ‘ಮೆಸ್ಸೆ–ಡಾಯ್ಟ್ಸ್ ನಿಲ್ದಾಣಕ್ಕೆ ಎಲ್ಲೂ ಬದಲಾಯಿಸದೆ ಒಂದೇ ಟ್ರೈನು ಇದೆಯಾ?’ ಅಂತ ಕೇಳಿ. ಮೇಳದ ಮೈದಾನದ ಪಕ್ಕದ ನಿಲ್ದಾಣ ಅದು.

ಹೊರಡುವುದು, ತಲುಪುವುದು

ತುಮಕೂರಿನಿಂದ ಹೊರಡುವವರು ಬೆಂಗಳೂರಿನ ಒಳಗೆ ಹೋಗುವ ಗೋಜೇ ಬೇಡ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ನೇರ ವಿಮಾನ ನಿಲ್ದಾಣ. ಅಲ್ಲಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಇದೆ, ಹತ್ತು ಗಂಟೆಯ ಆಸುಪಾಸು.

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಪಕ್ಕದಲ್ಲೇ ದೂರದ ಊರುಗಳ ರೈಲು ನಿಲ್ದಾಣ ಇದೆ. ಅಲ್ಲಿಂದ ಕೊಲೋನ್‌ಗೆ ಐಸಿಇ ಅನ್ನುವ ವೇಗದ ರೈಲಿನಲ್ಲಿ ಒಂದು ಗಂಟೆ. ಗಂಟೆಗೆ 300 ಕಿಲೋಮೀಟರ್ ವೇಗ ಮುಟ್ಟುವ ದಾರಿ ಇದು. ಟಿಕೆಟ್ ಬಗ್ಗೆ ಒಂದು ಎಚ್ಚರ. ಅಗ್ಗದ ಟಿಕೆಟ್ ಒಂದೇ ರೈಲಿಗೆ ಸೀಮಿತ, ಅದು ತಪ್ಪಿದರೆ ದುಡ್ಡು ಹೋದಂತೆ. ಈಗ ಷೆಂಗೆನ್ ಗಡಿಯಲ್ಲಿ ಬೆರಳಚ್ಚು, ಫೋಟೊ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಬಂದಿದೆ, ಸಾಲು ಉದ್ದ ಇರುತ್ತದೆ. ಹೋಗುವಾಗ ಯಾವ ರೈಲಿಗಾದರೂ ನಡೆಯುವ ಟಿಕೆಟ್ ಒಳ್ಳೆಯದು. ಬರುವಾಗ, ಬೇಕಾದ ರೈಲಿಗಿಂತ ಒಂದು ರೈಲು ಮುಂಚಿನದನ್ನು ಹಿಡಿಯಿರಿ. ಜರ್ಮನಿಯ ರೈಲುಗಳು ತಡ ಆಗುವುದು ಅಲ್ಲಿನವರಿಗೂ ಮಾಮೂಲಿ.

ಬೆಳಗ್ಗೆ ತಲುಪಿದ ದಿನ ಮಧ್ಯಾಹ್ನ ಮಲಗಬೇಡಿ. ಮಲಗಿದರೆ ರಾತ್ರಿ ಎರಡಕ್ಕೆ ಎಚ್ಚರ ಆಗುತ್ತದೆ. ಅಕ್ಟೋಬರ್ ಮೊದಲ ವಾರದಲ್ಲಿ ಅವರ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಬ್ಯಾಗು ಹೋಟೆಲಿನಲ್ಲಿಟ್ಟು, ಮುಖ ತೊಳೆದು, ಸೇತುವೆ ಕಡೆ ನಡೆಯಿರಿ.

ಸೇತುವೆ

ಇದರ ಹೆಸರು ಹೊಹೆನ್‌ಜೋಲರ್ನ್ ಸೇತುವೆ. ಉದ್ದ ಸುಮಾರು 400 ಮೀಟರ್. 1911ರಲ್ಲಿ ಕಟ್ಟಿ ಮುಗಿಸಿದ್ದು. 1945ರ ಮಾರ್ಚ್‌ನಲ್ಲಿ, ಎರಡನೇ ಮಹಾಯುದ್ಧದ ಕೊನೆಯಲ್ಲಿ, ಶತ್ರುಗಳು ದಾಟಬಾರದು ಅಂತ ಜರ್ಮನ್ ಸೈನ್ಯವೇ ಇದನ್ನು ಸ್ಫೋಟಿಸಿತು. ಯುದ್ಧ ಮುಗಿದ ಮೇಲೆ ಮತ್ತೆ ಕಟ್ಟಿದರು.

ನಡೆಯುವ ದಾರಿಗೂ ಹಳಿಗೂ ನಡುವೆ ತಂತಿಯ ಬೇಲಿ ಇದೆ. ಆ ಬೇಲಿ ಕಾಣದ ಹಾಗೆ ಬೀಗಗಳು. 2008ರ ಸುಮಾರಿಗೆ ಶುರುವಾದ ಪದ್ಧತಿ ಇದು. ಪ್ರೀತಿಸುವವರು ಇಬ್ಬರ ಹೆಸರು ಬರೆದು ಬೀಗ ಹಾಕಿ, ಕೀಲಿ ನದಿಗೆ ಎಸೆಯುತ್ತಾರೆ. ಹಿತ್ತಾಳೆ ಬೀಗ, ಸೈಕಲ್ ಬೀಗ, ಗುಲಾಬಿ ಬಣ್ಣದ ಪುಟಾಣಿ ಬೀಗ. ಒಂದರ ಮೇಲೊಂದು, ಬೀಗಕ್ಕೇ ಬೀಗ. ಮಳೆ ನೀರಿಗೆ ತುಕ್ಕು ಹಿಡಿದು ಹೆಸರು ಅಳಿಸಿದವೂ ಇವೆ. ನಮ್ಮಲ್ಲಿ ಹರಕೆ ಹೊತ್ತು ಮರಕ್ಕೆ ಬಟ್ಟೆ ಕಟ್ಟುತ್ತಾರಲ್ಲ, ಅದೇ ನೆನಪಾಯಿತು. ರೈಲು ಹೋದಾಗ ಕಾಲಡಿ ಸಣ್ಣಗೆ ನಡುಗುತ್ತದೆ. ಆಗ ಬೇಲಿಗೆ ಕೈ ಇಟ್ಟು ನೋಡಿ, ಬೀಗಗಳೆಲ್ಲ ಗಿಲಗಿಲ ಅನ್ನುತ್ತವೆ.

ಮೇಳದ ದಿನಗಳಲ್ಲಿ ಬೆಳಗ್ಗೆ ಒಂಬತ್ತಕ್ಕೆ ಈ ಸೇತುವೆ ದಾಟಿ ಹೋಗಿ, ಸಂಜೆ ಆರೂಕಾಲಿಗೆ ದಾಟಿ ಬನ್ನಿ. ಅಕ್ಟೋಬರ್ ಮೊದಲ ವಾರ ಅಲ್ಲಿ ಸೂರ್ಯ ಮುಳುಗುವುದು ಏಳರ ಹೊತ್ತಿಗೆ. ಡಾಯ್ಟ್ಸ್ ಕಡೆಯಿಂದ ನಡೆದು ಬರುವಾಗ ಆಕಾಶ ಕೆಂಪಾಗಿ, ಎದುರಿಗೆ ಚರ್ಚಿನ ಎರಡು ಗೋಪುರ ಕಪ್ಪಗೆ ನಿಂತಿರುತ್ತವೆ. ದುಡ್ಡಿಲ್ಲ, ಟಿಕೆಟ್ಟಿಲ್ಲ, ಸಾಲಿಲ್ಲ. ದಿನವಿಡೀ ಬಯರ್‌ಗಳ, ಅಂದರೆ ಸರಕು ಕೊಳ್ಳಲು ಬರುವವರ, ಮುಂದೆ ನಿಂತು ಕಾಲು ನೋಯುತ್ತಿದ್ದರೂ ನಾನು ಟ್ರೈನು ಹತ್ತಲಿಲ್ಲ.

ಮನೆಗೆ ಫೋನ್ ಮಾಡುವುದನ್ನು ಮಧ್ಯಾಹ್ನದ ಊಟದ ಹೊತ್ತಿಗೇ ಮುಗಿಸಿಬಿಡಿ. ಅಲ್ಲಿ ಒಂದೂವರೆ ಅಂದರೆ ಇಲ್ಲಿ ಸಂಜೆ ಐದು, ಮನೆಯವರಿಗೂ ಅನುಕೂಲ. ಸಂಜೆ ಆರಕ್ಕೆ ಮಾಡೋಣ ಅಂದರೆ ಇಲ್ಲಿ ರಾತ್ರಿ ಒಂಬತ್ತೂವರೆ. ಅವರೂ ಕಾಯಬೇಕು, ನಿಮಗೂ ಬೆಳಕು ಹೋಗುತ್ತದೆ.

ಚರ್ಚು: ಎರಡು ಸಲ ಹೋಗಿ

ಊರವರು ಇದನ್ನು ಸುಮ್ನೆ ‘ಡೋಮ್’ ಅನ್ನುತ್ತಾರೆ. ಮುಖ್ಯ ರೈಲು ನಿಲ್ದಾಣದ ಬಾಗಿಲು ದಾಟಿದರೆ ಎದುರಿಗೇ ಇದೆ. ಎತ್ತರ 157 ಮೀಟರ್. ಪೂರ್ತಿ ಕಾಣಬೇಕೆಂದರೆ ಕತ್ತು ಹಿಂದಕ್ಕೆ ಬಗ್ಗಿಸಬೇಕು.

1248ರಲ್ಲಿ ಕೆಲಸ ಶುರು. ಹದಿನಾರನೇ ಶತಮಾನದಲ್ಲಿ ನಿಂತುಹೋಯಿತು. ಕಲ್ಲು ಎತ್ತುವ ಮರದ ಕ್ರೇನು ಅರ್ಧ ಕಟ್ಟಿದ ಗೋಪುರದ ಮೇಲೆ ಹಾಗೇ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ನಿಂತಿತ್ತು. ತಲೆಮಾರುಗಳ ಜನ ಆ ಕ್ರೇನನ್ನೇ ಊರಿನ ಗುರುತಾಗಿ ನೋಡಿಕೊಂಡು ಬೆಳೆದರು. ಮತ್ತೆ ಕೆಲಸ ಶುರುವಾದದ್ದು 1842ರಲ್ಲಿ, ಮುಗಿದದ್ದು 1880ರಲ್ಲಿ. ಆಗ ನಾಲ್ಕು ವರ್ಷ ಜಗತ್ತಿನ ಅತಿ ಎತ್ತರದ ಕಟ್ಟಡ ಇದೇ ಆಗಿತ್ತು. ಯುದ್ಧದಲ್ಲಿ ಸುತ್ತಲಿನ ಊರು ಬಹುಪಾಲು ನೆಲಸಮವಾಯಿತು. ಬಾಂಬು ಬಿದ್ದರೂ ಗೋಪುರಗಳು ನಿಂತವು.

ಒಳಗೆ ನೋಡುವುದಕ್ಕೆ ಹಗಲಿನ ಬೆಳಕು ಬೇಕು. ದಕ್ಷಿಣದ ಕಡೆ ಒಂದು ದೊಡ್ಡ ಕಿಟಕಿ ಇದೆ. ಹಳೆಯದಲ್ಲ, 2007ರದು. ಗೆರ್‌ಹಾರ್ಡ್ ರಿಕ್ಟರ್ ಅನ್ನುವ ಕಲಾವಿದರು ಮಾಡಿದ್ದು. ಅದರಲ್ಲಿ ದೇವರೂ ಇಲ್ಲ, ಸಂತರೂ ಇಲ್ಲ. 72 ಬಣ್ಣಗಳ 11,000ಕ್ಕೂ ಹೆಚ್ಚು ಚೌಕದ ಗಾಜುಗಳು, ಅಷ್ಟೆ. ಬಿಸಿಲು ಬಿದ್ದಾಗ ಆ ಬಣ್ಣ ಕಲ್ಲಿನ ನೆಲದ ಮೇಲೆ ಬೀಳುತ್ತದೆ. ನಾನು ಹೋದಾಗ ಒಂದು ಮಗು ಕೆಂಪಿನಿಂದ ಹಸಿರಿಗೆ, ಹಸಿರಿನಿಂದ ನೀಲಿಗೆ ಕುಂಟೆಬಿಲ್ಲೆ ಆಡುವ ಹಾಗೆ ನೆಗೆಯುತ್ತಿತ್ತು. ಅದರ ಅಮ್ಮ ಬೈಯಲಿಲ್ಲ. ಇದನ್ನು ಸಂಜೆ ಹೋದರೆ ನೋಡಲಾಗುವುದಿಲ್ಲ. ಅದಕ್ಕೇ ತಲುಪಿದ ದಿನದ ಮಧ್ಯಾಹ್ನ ಅಥವಾ ಹೆಚ್ಚಿನ ದಿನವನ್ನು ಇದಕ್ಕೆ ಇಟ್ಟುಕೊಳ್ಳಿ. ಪೂಜೆ ನಡೆಯುವ ಹೊತ್ತಿನಲ್ಲಿ ನೋಡಲು ಬಂದವರು ಒಳಗೆ ಓಡಾಡುವಂತಿಲ್ಲ. ಭಾನುವಾರ ಬೆಳಗ್ಗೆ ಪ್ರಯತ್ನ ಮಾಡಬೇಡಿ.

ಎರಡನೇ ಸಲ ಹೋಗುವುದು ಗೋಪುರ ಹತ್ತುವುದಕ್ಕೆ. ದಕ್ಷಿಣದ ಗೋಪುರಕ್ಕೆ 533 ಮೆಟ್ಟಿಲು, ಬೇರೆ ಟಿಕೆಟ್. ಲಿಫ್ಟ್ ಇಲ್ಲ. ಶಿವಗಂಗೆ ಹತ್ತಿದವರಿಗೆ 533 ದೊಡ್ಡ ಲೆಕ್ಕವಲ್ಲ. ಆದರೆ ಇದು ಬೆಟ್ಟದ ಹಾಗೆ ಬಯಲಲ್ಲ. ಸುರುಳಿ ಸುತ್ತುವ ಇಕ್ಕಟ್ಟು ಕಲ್ಲಿನ ಮೆಟ್ಟಿಲು. ಹತ್ತುವವರೂ ಇಳಿಯುವವರೂ ಅದರಲ್ಲೇ. ಎದುರಿಗೆ ದಪ್ಪ ಜಾಕೆಟ್ಟಿನವರು ಬಂದರೆ ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಒಂದೇ ಕಡೆ ತಿರುಗಿ ತಿರುಗಿ ತಲೆ ಸುತ್ತುತ್ತದೆ. ಮಂಡಿ ನೋವು, ಉಬ್ಬಸ ಇರುವವರು ದಯವಿಟ್ಟು ಬಿಟ್ಟುಬಿಡಿ, ನಡುವೆ ಕೂರಲು ಜಾಗವಿಲ್ಲ. ಅರ್ಧ ದಾರಿಯಲ್ಲಿ ಗಂಟೆಗಳ ಕೋಣೆ ಬರುತ್ತದೆ. ಅಲ್ಲಿನ ದೊಡ್ಡ ಗಂಟೆ 24 ಟನ್ ತೂಕದ್ದು, 1923ರಲ್ಲಿ ಎರಕ ಹೊಯ್ದದ್ದು. ದೊಡ್ಡ ಹಬ್ಬಗಳಲ್ಲಿ ಮಾತ್ರ ಬಾರಿಸುತ್ತಾರೆ. ಅಕ್ಟೋಬರಿನಲ್ಲಿ ಗೋಪುರವನ್ನು ಮೇಳ ಬಿಡುವ ಮುಂಚೆಯೇ ಮುಚ್ಚುತ್ತಾರೆ. ಮೇಳ ಮುಗಿಸಿಕೊಂಡು ಬಂದು ಹತ್ತುತ್ತೇನೆ ಅಂದರೆ ಆಗುವುದಿಲ್ಲ.

ಉಳಿದ ಸಂಜೆಗಳು

ಹತ್ತಲಾಗದವರಿಗೆ ಬೇರೆ ದಾರಿ ಇದೆ. ಡಾಯ್ಟ್ಸ್ ಕಡೆ, ಮೆಸ್ಸೆ ನಿಲ್ದಾಣದಿಂದ ಐದು ನಿಮಿಷಕ್ಕೆ ‘ಕೋಲ್ನ್ ಟ್ರಯಾಂಗಲ್’ ಅನ್ನುವ 103 ಮೀಟರ್ ಎತ್ತರದ ಕಟ್ಟಡ. ಟಿಕೆಟ್ ಕೊಟ್ಟರೆ ಲಿಫ್ಟಿನಲ್ಲಿ ಮೇಲಕ್ಕೆ. ನನ್ನ ಕೇಳಿದರೆ ಗೋಪುರದ ಮೇಲಿನಿಂದ ನೋಡುವುದಕ್ಕಿಂತ ಇಲ್ಲಿನ ನೋಟವೇ ಚೆಂದ. ಗೋಪುರದ ಮೇಲೆ ನಿಂತರೆ ಗೋಪುರವೇ ಕಾಣೋದಿಲ್ಲ, ಅಲ್ವಾ? ಈ ದಡದಲ್ಲಿ ಎತ್ತರದ ಕಟ್ಟಡಗಳು ಎದ್ದರೆ ಚರ್ಚಿನ ನೋಟ ಕೆಡುತ್ತದೆ ಅಂತ ಯುನೆಸ್ಕೊ 2004ರಿಂದ 2006ರವರೆಗೆ ಡೋಮ್ ಅನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತ್ತು. ಆಮೇಲೆ ಊರಿನವರು ಎತ್ತರದ ಯೋಜನೆಗಳನ್ನು ಕಡಿತಗೊಳಿಸಿದರು.

ಒಂದು ಸಂಜೆ ಬಯರ್ ಜೊತೆ ಊಟಕ್ಕೇ ಹೋಗುತ್ತದೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಇನ್ನೊಂದು ಸಂಜೆ ನದಿ ದಡದ ಹಳೇ ಊರಿನಲ್ಲಿ, ಬಣ್ಣಬಣ್ಣದ ಕಿರಿದಾದ ಮನೆಗಳ ನಡುವೆ, ಸುಮ್ನೆ ಅಡ್ಡಾಡಿ. ಚಾಕೊಲೇಟ್ ಮ್ಯೂಸಿಯಂ ಕೂಡ ಅದೇ ದಡದಲ್ಲಿದೆ. ಮಕ್ಕಳಿರುವವರಿಗೆ ಆಸೆ ಆಗುತ್ತದೆ, ಆದರೆ ಮೇಳ ಬಿಡುವ ಹೊತ್ತಿಗೆ ಅದೂ ಮುಚ್ಚುತ್ತದೆ.

ಭಾನುವಾರ ಅಂಗಡಿಗಳೆಲ್ಲ ಬಂದ್. ಅಕ್ಟೋಬರ್ 3 ಅವರ ರಾಷ್ಟ್ರೀಯ ರಜೆ, ಆವತ್ತೂ ಬಂದ್. ಮೇಳ ಶುರುವಾಗುವುದು ಅದರ ಆಸುಪಾಸಿನಲ್ಲೇ. ತಲುಪಿದ ದಿನ ರಜೆಯಾಗಿದ್ದರೆ ನೀರು, ಬ್ರೆಡ್ಡು, ಹಣ್ಣು ಮುಖ್ಯ ರೈಲು ನಿಲ್ದಾಣದ ಒಳಗಿನ ಅಂಗಡಿಗಳಲ್ಲಿ ಸಿಗುತ್ತದೆ.

ಹೊಟ್ಟೆಯ ವಿಚಾರ

ಸಸ್ಯಾಹಾರಿಗಳು ಹೆದರಬೇಡಿ. ಅಲ್ಲಿನ ಹೋಟೆಲುಗಳ ಪಟ್ಟಿಯಲ್ಲಿ ‘ಹಾಲ್ವೆ ಹಾನ್’ ಅಂತ ಇರುತ್ತದೆ. ಪದಕ್ಕೆ ಪದ ಅರ್ಥ ಅರ್ಧ ಹುಂಜ. ಬರುವುದು ಮಾತ್ರ ರೈ ಬನ್ನು, ದಪ್ಪ ಗೌಡಾ ಚೀಸು, ಸಾಸಿವೆ, ಈರುಳ್ಳಿ. ಕೋಳಿಯ ಸುಳಿವೂ ಇಲ್ಲ. ಇನ್ನೊಂದು ‘ರೈಬೆಕೂಖೆನ್’, ಆಲೂಗಡ್ಡೆ ತುರಿದು ಎಣ್ಣೆಯಲ್ಲಿ ಕರಿದ ಬಿಲ್ಲೆ. ಸೇಬಿನ ಗೊಜ್ಜಿನ ಜೊತೆ ಕೊಡುತ್ತಾರೆ. ಹಿಟ್ಟಿಗೆ ಮೊಟ್ಟೆ ಹಾಕುವುದುಂಟು, ತಿನ್ನದವರು ಕೇಳಿಕೊಳ್ಳಿ. ಬಿಸಿಬಿಸಿಯಾಗಿ ಅದರ ಮೇಲೆ ನಮ್ಮ ಚಟ್ನಿಪುಡಿ ಉದುರಿಸಿಕೊಂಡು ತಿಂದಾಗ ಆದ ಸಮಾಧಾನ ನನಗಿನ್ನೂ ನೆನಪಿದೆ. ಸೂಪು ಮಾತ್ರ ಕೇಳಿಯೇ ತೆಗೆದುಕೊಳ್ಳಿ, ತರಕಾರಿ ಸೂಪಿಗೂ ಮಾಂಸದ ರಸ ಹಾಕಿರಬಹುದು. ‘ಓನೆ ಫ್ಲೈಶ್’ ಅಂದರೆ ಮಾಂಸ ಇಲ್ಲದೆ.

ಅಲ್ಲಿ ‘ಕೋಲ್ಶ್’ ಅನ್ನುವ ಬಿಯರು ಊರಿನ ಹೆಮ್ಮೆ. 200 ಮಿಲಿಲೀಟರಿನ ಸಣ್ಣ ಗ್ಲಾಸು. ಖಾಲಿಯಾದರೆ ಕೇಳದೆಯೇ ಇನ್ನೊಂದು ತಂದಿಡುತ್ತಾರೆ. ಸಾಕು ಅಂದರೆ ಗ್ಲಾಸಿನ ಅಡಿ ಇಡುವ ರಟ್ಟಿನ ಬಿಲ್ಲೆಯನ್ನು ಅದರ ಮೇಲೆ ಮುಚ್ಚಿಡಬೇಕು. ಕುಡಿಯದವರು ‘ಆಪ್‌ಫೆಲ್‌ಶೋರ್ಲೆ’ ಕೇಳಿ, ಸೇಬಿನ ರಸಕ್ಕೆ ಸೋಡಾ ಬೆರೆಸಿದ್ದು. ಬಯರ್ ಜೊತೆ ಕೂತಾಗ ಅದನ್ನು ಹಿಡಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಬರೀ ನೀರು ಕೇಳಿದರೆ ಗ್ಯಾಸು ತುಂಬಿದ ನೀರು ಬರುವುದೇ ಜಾಸ್ತಿ. ‘ಶ್ಟಿಲ್ಲೆಸ್ ವಾಸರ್’ ಅನ್ನಿ.

ಮನೆಯಿಂದ ಅವಲಕ್ಕಿ, ಚಟ್ನಿಪುಡಿ, ಕೋಡುಬಳೆ ಒಯ್ಯಿರಿ. ತುಪ್ಪ, ಪೇಡ ಬೇಡ. ಹಾಲಿನ, ಮಾಂಸದ ಪದಾರ್ಥಗಳನ್ನು ಹೊರಗಿನಿಂದ ತರಲು ಅಲ್ಲಿ ಬಿಡುವುದಿಲ್ಲ. ರೂಮಿನಲ್ಲಿ ಕೆಟಲ್ ಇದೆಯಾ ಅಂತ ಮೊದಲೇ ಕೇಳಿ, ಎಲ್ಲ ಕಡೆ ಇರುವುದಿಲ್ಲ. ನಲ್ಲಿ ನೀರು ಧೈರ್ಯವಾಗಿ ಕುಡಿಯಬಹುದು.

ಸಣ್ಣಪುಟ್ಟದ್ದು. ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಸೇರಿಸಿರುತ್ತಾರೆ. ಖಾಲಿ ಬಾಟಲಿಯನ್ನು ಸೂಪರ್ ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ದುಡ್ಡು ವಾಪಸ್. ನಿಲ್ದಾಣಗಳಲ್ಲಿ ಶೌಚಾಲಯಕ್ಕೆ ಚಿಲ್ಲರೆ ಬೇಕು, ಜೇಬಿನಲ್ಲಿ ಒಂದೆರಡು ಯೂರೋ ನಾಣ್ಯ ಇರಲಿ. ಟಿಕೆಟ್ ಇಲ್ಲದೆ ಟ್ರಾಮು ಹತ್ತಿ ಸಿಕ್ಕಿಬಿದ್ದರೆ ದಂಡ 60 ಯೂರೋ. ಸೈಕಲ್ಲಿನ ದಾರಿಯಲ್ಲಿ ನಡೆಯಬೇಡಿ, ಅವರು ಬ್ರೇಕ್ ಹಾಕುವುದಿಲ್ಲ. ಮುಖ್ಯ ನಿಲ್ದಾಣದ ಸುತ್ತ ಜೇಬುಗಳ್ಳರಿದ್ದಾರೆ. ಪಾಸ್‌ಪೋರ್ಟ್ ಇರುವ ಚೀಲ ಬೆನ್ನಿಗಲ್ಲ, ಎದೆಗೆ.

ಆ ಹೆಚ್ಚಿನ ದಿನ

ಬೆಳಗ್ಗೆ ಒಂಬತ್ತಕ್ಕೆ, ಜನ ಸೇರುವ ಮುಂಚೆ, ಗೋಪುರ ಹತ್ತಿ ಇಳಿಯಿರಿ. ಆಮೇಲೆ ನನ್ನ ಸಲಹೆ ಡ್ರಾಖೆನ್‌ಫೆಲ್ಸ್ ಅನ್ನುವ ಗುಡ್ಡ. ಕೊಲೋನ್‌ನಿಂದ ಕೋನಿಗ್ಸ್‌ವಿಂಟರ್ ಊರಿಗೆ ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆ. ಅಲ್ಲಿಂದ ಗುಡ್ಡದ ಮೇಲಕ್ಕೆ ಹಲ್ಲು ಹಳಿಯ ಪುಟ್ಟ ರೈಲು, 1883ರಿಂದ ಓಡುತ್ತಿದೆ. ನಡೆದೂ ಹತ್ತಬಹುದು. ಎತ್ತರ ಬರೀ 321 ಮೀಟರ್, ನಮ್ಮ ದೇವರಾಯನದುರ್ಗದ ಮುಂದೆ ಏನೂ ಅಲ್ಲ. ಮೇಲೆ ಪಾಳು ಬಿದ್ದ ಕೋಟೆ. ಕೆಳಗೆ ರೈನ್ ನದಿ ಬಳುಕಿಕೊಂಡು ಹೋಗುವುದು ಕಾಣುತ್ತದೆ.

ಇಲ್ಲಿಗೇ ಯಾಕೆ ಹೋಗಬೇಕು ಅಂದರೆ, ಡೋಮ್ ಕಟ್ಟಲು ಹಳೇ ಕಾಲದಲ್ಲಿ ಕಲ್ಲು ತೆಗೆದದ್ದು ಈ ಗುಡ್ಡದಿಂದ. ನಮ್ಮಲ್ಲಿ ಕೊಯಿರಾ ಕಲ್ಲು ಅಂತ ಹೆಸರಿಟ್ಟು ಹೇಳುವ ಹಾಗೆ ಅಲ್ಲಿ ಡ್ರಾಖೆನ್‌ಫೆಲ್ಸ್ ಕಲ್ಲು. ಕಡಿದು, ದೋಣಿಗೆ ಹಾಕಿ, ನದಿಯ ಹರಿವಿನ ಜೊತೆ ಕೊಲೋನ್‌ಗೆ ತಂದರು. ಬೆಳಗ್ಗೆ ಮೆಟ್ಟಿಲು ಹತ್ತುವಾಗ ಯಾವ ಗೋಡೆಗೆ ಒತ್ತಿಕೊಂಡು ನಿಂತಿದ್ದೆನೋ, ಮಧ್ಯಾಹ್ನ ಅದೇ ಜಾತಿಯ ಬಂಡೆಯ ಮೇಲೆ ಕೂತು ಕೋಡುಬಳೆ ತಿಂದೆ. ಕೈಯಲ್ಲಿ ಮುಟ್ಟಿ ನೋಡಿ. ಬೂದು ಕಲ್ಲು, ನಡುವೆ ಅಲ್ಲಲ್ಲಿ ಹೊಳೆಯುವ ಬಿಳಿ ಹರಳು.

ಸಂಜೆ ಅಂಗಡಿ ಮುಚ್ಚುವುದರೊಳಗೆ ವಾಪಸ್ ಬನ್ನಿ. ಇನ್ನೊಂದು ಕೆಲಸ ಬಾಕಿ ಇದೆ. ಚಿಕ್ಕವರಿದ್ದಾಗ ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿ ಅದರ ಮೇಲೆ ಓಡಿಕೊಲೋನ್ ಚಿಮುಕಿಸುತ್ತಿದ್ದರಲ್ಲ, ಆ ಹೆಸರಿನ ಅರ್ಥ ‘ಕೊಲೋನ್ ನೀರು’. ಹುಟ್ಟಿದ್ದು ಈ ಊರಿನಲ್ಲೇ. 1709ರಲ್ಲಿ ಶುರುವಾದ ಫರೀನಾ ಮನೆತನದ ಅಂಗಡಿ ಹಳೇ ನಗರಸಭೆ ಕಟ್ಟಡದ ಹತ್ತಿರ ಈಗಲೂ ಇದೆ. ‘4711’ ಅನ್ನುವ ಇನ್ನೊಂದು ಹೆಸರುವಾಸಿ ಕಂಪನಿಯ ಅಂಗಡಿ ಗ್ಲಾಕನ್‌ಗಾಸೆ ಬೀದಿಯಲ್ಲಿದೆ. ಫ್ರೆಂಚರ ಆಡಳಿತದ ಕಾಲದಲ್ಲಿ ಆ ಮನೆಗೆ ಬಿದ್ದ ನಂಬರೇ ಹೆಸರಾಯಿತಂತೆ. ನಾನು ಅಲ್ಲಿ ಅಮ್ಮನಿಗೆಂದು ಅತಿ ಚಿಕ್ಕ ಬಾಟಲಿ ಕೊಂಡೆ. ಮುಚ್ಚಳ ತೆಗೆದ ತಕ್ಷಣ ನಿಂಬೆ, ಕಿತ್ತಳೆ ಸಿಪ್ಪೆಯ ಘಮ.

ಅದನ್ನು ಕೈಚೀಲದಲ್ಲಿ ಇಡಬೇಡಿ, 100 ಮಿಲಿಲೀಟರಿಗಿಂತ ದೊಡ್ಡದಾದರೆ ತಪಾಸಣೆಯಲ್ಲಿ ತೆಗೆದುಬಿಡಬಹುದು. ಎರಡು ಸಾಕ್ಸ್ ಒಳಗೆ ತೂರಿಸಿ, ಪ್ಲಾಸ್ಟಿಕ್ ಕವರು ಸುತ್ತಿ, ಚೆಕ್-ಇನ್ ಸೂಟ್‌ಕೇಸಿನ ನಡುವೆ ಬಟ್ಟೆಗಳ ಮಧ್ಯೆ ಇಡಿ. ನನ್ನದು ತುಮಕೂರಿನವರೆಗೂ ಒಂದು ಹನಿ ಸೋರದೆ ಬಂತು.